ಊರಿನ ಬೆಂಕಿ ತಂಡ, ನೌಕರಿ, ಮನೆ: ಮುಂದಾಳಾದವರು ಮೂರನ್ನೂ ನಡೆಸುವ ಬಗೆ

ನಮ್ಮ ಕಡೆ ಕಾಡಿಗೆ ಬೆಂಕಿ ಬೀಳುವುದು ಫೆಬ್ರುವರಿಯಿಂದ ಏಪ್ರಿಲ್ ತನಕ. ಮಕ್ಕಳ ಪರೀಕ್ಷೆ ಬರುವುದೂ ಆಗಲೇ. ಸೊಸೈಟಿಯಲ್ಲಿ ವರ್ಷದ ಲೆಕ್ಕ ಮುಗಿಸಬೇಕಾದದ್ದೂ ಆಗಲೇ. ಮದುವೆ, ಉಪನಯನ, ಜಾತ್ರೆ ಎಲ್ಲ ಬಂದು ಬೀಳುವುದೂ ಅದೇ ದಿನಗಳಲ್ಲಿ. ಕಾಡು ಮಳೆಗಾಲದಲ್ಲಿ ಹೊತ್ತಿಕೊಳ್ಳುವಂತಿದ್ದರೆ ಈ ಬರಹ ಬೇಕೇ ಇರಲಿಲ್ಲ.

ನಾನು ಶಿರಸಿ, ಸಾಗರದ ನಡುವಿನ ಒಂದು ಹಳ್ಳಿಯವನು. ಸಹಕಾರಿ ಸಂಘವೊಂದರಲ್ಲಿ ಗುಮಾಸ್ತ. ಜೊತೆಗೆ ಒಂದೂವರೆ ಎಕರೆ ಅಡಿಕೆ ತೋಟ ಇದೆ. ನಮ್ಮ ಊರು, ಪಕ್ಕದ ಎರಡು ಮಜರೆ ಸೇರಿ 22 ಜನ ಬೆಂಕಿ ಆರಿಸುವ ತಂಡ ಕಟ್ಟಿಕೊಂಡು 7 ವರ್ಷವಾಯಿತು. ಸಂಬಳವಿಲ್ಲ, ಸಮವಸ್ತ್ರವೂ ಇಲ್ಲ. ಮೊದಲ 4 ವರ್ಷ ನಾನೊಬ್ಬನೇ ಮುಂದಾಳು. ಆಗ ನೌಕರಿಯಲ್ಲಿ ಬೈಸಿಕೊಂಡೆ, ಮನೆಯಲ್ಲಿ ಮಾತು ಬಿಟ್ಟದ್ದೂ ಆಯಿತು. ಆಮೇಲಿನ 3 ವರ್ಷದಲ್ಲಿ ಒಂದೊಂದಾಗಿ ಸರಿಪಡಿಸಿಕೊಂಡ ಕ್ರಮ ಇಲ್ಲಿದೆ.

ಸಮಯ ಹೊಂದಿಸಿಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ಬೆಂಕಿ ಹೇಳಿ ಬರುವುದಿಲ್ಲ, ಸಮಯವನ್ನು ಎಲ್ಲಿಂದ ಹೊಂದಿಸುವುದು? ನನ್ನ ಪ್ರಕಾರ ಮುಂದಾಳು ಮಾಡಬೇಕಾದ ಕೆಲಸ ಒಂದೇ. ತಾನು ಇಲ್ಲದ ದಿನವೂ ತಂಡ ಸರಿಯಾಗಿ ನಡೆಯುವ ಹಾಗೆ ಮಾಡಿಡಬೇಕು. ಕೆಳಗಿನ ಹೆಜ್ಜೆಗಳೆಲ್ಲ ಅದಕ್ಕಾಗಿಯೇ.

ಹೆಜ್ಜೆ 1: ತಂಡ ಏನು ಮಾಡುವುದಿಲ್ಲ ಎಂಬುದನ್ನು ಮೊದಲು ಬರೆಯಿರಿ

ಕಾಡಿನ ಬೆಂಕಿಗೆ ಹೊಣೆ ಅರಣ್ಯ ಇಲಾಖೆಯದು. ನಾವು ಕೈ ಜೋಡಿಸುವವರು. ಇದನ್ನು ಮರೆತರೆ ತಾಲ್ಲೂಕಿನ ಬೆಂಕಿಯೆಲ್ಲ ನಿಮ್ಮ ತಲೆಗೇ ಬರುತ್ತದೆ. ನಮ್ಮ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟದ್ದು ಇಷ್ಟು:

- ಇಲಾಖೆಗೆ ತಿಳಿಸದೆ ಕಾಡಿಗೆ ಹೋಗುವುದಿಲ್ಲ. ಮೊದಲು ನಮ್ಮ ಭಾಗದ ಗಾರ್ಡ್‌ಗೆ ಫೋನ್. ಸಿಗದಿದ್ದರೆ ಅರಣ್ಯ ಸಹಾಯವಾಣಿ 1926. ಮನೆ, ಕೊಟ್ಟಿಗೆ, ಹುಲ್ಲಿನ ಬಣವೆ ಹತ್ತಿರ ಬಂದರೆ 101 ಅಥವಾ 112.
- ಜ್ವಾಲೆ ಸೊಂಟಕ್ಕಿಂತ ಮೇಲೆದ್ದರೆ ಸೊಪ್ಪು ಹಿಡಿದು ಬಡಿಯಲು ಹೋಗುವುದಿಲ್ಲ. ಹಿಂದೆ ಸರಿದು ಬೆಂಕಿ ಗೆರೆ (ಹುಲ್ಲು, ಒಣ ಎಲೆ ಬಾಚಿ ತೆಗೆದ ಬರಿನೆಲದ ಪಟ್ಟಿ) ತೆಗೆಯುತ್ತೇವೆ, ಇಲ್ಲವೇ ಕಾಯುತ್ತೇವೆ.
- ಇಳಿಜಾರಿನಲ್ಲಿ ಬೆಂಕಿಗಿಂತ ಮೇಲೆ ಯಾರೂ ನಿಲ್ಲುವುದಿಲ್ಲ.
- 18 ತುಂಬದವರು, ಕುಡಿದವರು, ಒಂಟಿಯಾಗಿ ಹೊರಟವರು ತಂಡದಲ್ಲಿ ಇಲ್ಲ.

ಮೂರನೆಯದು ಹೆದರಿಸಲಿಕ್ಕೆ ಬರೆದ ಮಾತಲ್ಲ. ಬೆಂಕಿ ಏರಿನಲ್ಲಿ ಜೋರಾಗಿ ಓಡುತ್ತದೆ. ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿ ಒಣಗಿಸಿಕೊಂಡು ಬರುತ್ತದೆ. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋದವರು ಇಂಥ ಇಳಿಜಾರಿನಲ್ಲಿ ಸಿಕ್ಕಿಬಿದ್ದರು. 20ಕ್ಕೂ ಹೆಚ್ಚು ಜನ ತೀರಿಕೊಂಡರು. 2023ರ ಫೆಬ್ರುವರಿಯಲ್ಲಿ ಸಕಲೇಶಪುರದ ಕಾಡುಮನೆ ಬಳಿ ಬೆಂಕಿ ಆರಿಸಲು ಹೋದ ಅರಣ್ಯ ಸಿಬ್ಬಂದಿಯೇ ಸುಟ್ಟುಕೊಂಡರು. ಒಬ್ಬ ಗಾರ್ಡ್ ಉಳಿಯಲಿಲ್ಲ. ಕಾಡು ಸುತ್ತುವುದೇ ಕೆಲಸವಾಗಿದ್ದವರಿಗೆ ಹೀಗಾಯಿತು. ನಾವು ಅಡಿಕೆ ಸುಲಿಯುವವರು.

ಈ ಪಟ್ಟಿಯಿಂದ ಇನ್ನೊಂದು ಉಪಕಾರವೂ ಆಯಿತು. ಬೆಂಕಿಗೆ ಜೋರು ಬರುವುದು ಬೆಳಿಗ್ಗೆ 11ರಿಂದ ಸಂಜೆ 4ರ ಒಳಗೆ. ಬಿಸಿಲು, ಗಾಳಿ, ಒಣ ದರಗು (ಉದುರಿದ ಎಲೆ) ಮೂರೂ ಆಗ ಸೇರುತ್ತವೆ. ಸಂಜೆ ಆದಂತೆ ತಂಪು ಏರಿ ಬೆಂಕಿ ಕೆಳಗಿಳಿಯುತ್ತದೆ. ಹಾಗಾಗಿ ಮಧ್ಯಾಹ್ನ ನಾವು ಊರಿನ ಅಂಚು, ತೋಟದ ಅಂಚು ಮಾತ್ರ ಕಾಯುತ್ತೇವೆ. ಬಡಿಯುವ ಕೆಲಸ ನಸುಕಿನಲ್ಲಿ ಇಲ್ಲವೇ ಸಂಜೆ 5ರ ಮೇಲೆ. ಆಫೀಸು ಇರುವುದು 10ರಿಂದ 5. ಅರ್ಧ ಜಗಳ ಇಲ್ಲೇ ಬಗೆಹರಿಯಿತು, ಅಲ್ವಾ?

ಹೆಜ್ಜೆ 2: ಡಿಸೆಂಬರಿನಲ್ಲಿ ಕ್ಯಾಲೆಂಡರ್ ಇಳಿಸಿಕೊಂಡು ಕೂರಿ

ಹೊಸ ವರ್ಷದ ಗೋಡೆ ಕ್ಯಾಲೆಂಡರ್ ಬಂದ ಕೂಡಲೇ ಮನೆಯವರನ್ನೆಲ್ಲ ಕೂರಿಸಿಕೊಂಡು ಫೆಬ್ರುವರಿ, ಮಾರ್ಚ್, ಏಪ್ರಿಲ್ ಹಾಳೆ ಬಿಡಿಸಿ. ಪಿಯುಸಿ, ಎಸ್‌ಎಸ್‌ಎಲ್‌ಸಿ ಪರೀಕ್ಷೆ, ಶಿವರಾತ್ರಿ, ಯುಗಾದಿ, ಹತ್ತಿರದ ಮದುವೆ, ಅಮ್ಮನ ಕಣ್ಣಿನ ಆಪರೇಷನ್, ಮಾರ್ಚ್ 31 ಎಲ್ಲಕ್ಕೂ ಕೆಂಪು ಗೆರೆ ಹಾಕಿ. ಆ ದಿನ ಕಾಡು ಹೊತ್ತಿ ಉರಿದರೂ ನೀವು ಹೋಗುವುದಿಲ್ಲ. ಹೇಳುವುದು ಸುಲಭ, ಗೊತ್ತು. ಅದಕ್ಕೇ ಬರೆದಿಡುವುದು.

ತಂಡದ ಎಲ್ಲರಿಂದಲೂ ಹೀಗೆ ಕೆಂಪು ದಿನಗಳನ್ನು ಬರೆಸಿಕೊಳ್ಳಿ. ನಮ್ಮಲ್ಲಿ ಒಬ್ಬರಿಗೆ 10 ದಿನ. ಮೊದಲ ವರ್ಷ ಯಾರೂ ಬರೆಯಲಿಲ್ಲ. ಮುಂದಾಳೇ ಬರೆಯದಿದ್ದ ಮೇಲೆ ಉಳಿದವರಿಗೆ ನಾಚಿಕೆ. ಮರುವರ್ಷ ನಾನೇ ಮೊದಲು ಮಗಳ ಪರೀಕ್ಷೆಯ 6 ದಿನ ಬರೆದೆ. ಅವತ್ತೇ ಪುಟ ತುಂಬಿತು. ಒಂದೇ ದಿನಕ್ಕೆ 12ಕ್ಕಿಂತ ಜಾಸ್ತಿ ಜನ ಕೆಂಪು ಗೆರೆ ಹಾಕಿದ್ದರೆ ಆ ದಿನಕ್ಕೆ ಪಕ್ಕದ ಊರಿನವರಿಗೆ ಮೊದಲೇ ಹೇಳಿಟ್ಟಿರುತ್ತೇವೆ. ಅವರ ಜಾತ್ರೆಯ ದಿನ ನಾವು ಅವರ ಬೆಟ್ಟ ಕಾಯುತ್ತೇವೆ.

ಹೆಜ್ಜೆ 3: ಮುಂದಾಳುತನವನ್ನು ಒಂದು ಫೋನಿಗೆ ಕಟ್ಟಿ

ನಮ್ಮ ತಂಡದಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಒಂದು ಬಟನ್ ಫೋನ್. ಒಣ ಎಲೆ ಊದಿ ಸರಿಸುವ ಬ್ಲೋವರ್ ಕೂಡ ಅಷ್ಟು ಉಪಯೋಗಕ್ಕೆ ಬಂದಿಲ್ಲ.

ಮೊದಲು ಊರಿನವರೆಲ್ಲ ನನ್ನ ನಂಬರಿಗೇ ಕರೆ ಮಾಡುತ್ತಿದ್ದರು. ಎಲ್ಲೋ ಹೊಗೆ ಕಂಡರೆ ನನಗೆ. ಯಾರೋ ಕಸ ಸುಟ್ಟರೂ ನನಗೆ. ರಾತ್ರಿ 2ಕ್ಕೆ ಫೋನ್ ಬಡಿದುಕೊಂಡರೆ ಮನೆಯವರೆಲ್ಲ ಏಳಬೇಕು. ಈಗ ತಂಡಕ್ಕೇ ಬೇರೆ ಫೋನ್, ಬೇರೆ ಸಿಮ್. ನಂಬರ್ ಪ್ರತಿ ಮನೆಯ ಬಾಗಿಲ ಹಿಂದೆ ಅಂಟಿಸಿದ್ದೇವೆ. ಫೋನ್ ಯಾರ ಕೈಯಲ್ಲಿದೆಯೋ ಆ ವಾರ ಅವರೇ ಮುಂದಾಳು. ಭಾನುವಾರ ಸಂಜೆ ದೇವಸ್ಥಾನದ ಜಗಲಿಯಲ್ಲಿ ಫೋನ್, ಚಾರ್ಜರ್, ನೋಟ್‌ಬುಕ್ ಮೂರೂ ಕೈ ಬದಲಾಗುತ್ತವೆ. ಆ ಹೊತ್ತಿಗೆ ಹೇಳಬೇಕಾದದ್ದು: ಎಲ್ಲೆಲ್ಲಿ ಕೊರಡು ಇನ್ನೂ ಹೊಗೆಯಾಡುತ್ತಿದೆ, ಯಾರಿಗೆ ಹುಷಾರಿಲ್ಲ, ಸ್ಪ್ರೇಯರಿಗೆ ಎಣ್ಣೆ ಇದೆಯಾ, ಗಾರ್ಡ್ ರಜೆಯಲ್ಲಿದ್ದಾರಾ.

ಮೂವರು ಸರದಿಯಲ್ಲಿದ್ದೇವೆ. ನಾನು, ಪಿಕಪ್ ಓಡಿಸುವ ಒಬ್ಬ ಹುಡುಗ, ಸ್ತ್ರೀಶಕ್ತಿ ಸಂಘ ನಡೆಸುವ ಒಬ್ಬ ಅಕ್ಕ. ಅಕ್ಕನ ಹೆಸರು ಬಂದಾಗ ಕೆಲವರು ಗೊಣಗಿದರು. ನೋಡಿದರೆ ಹಗಲು ಊರಿನಲ್ಲಿ ಇರುವವರೇ ಹೆಂಗಸರು, ಗಂಡಸರೆಲ್ಲ ಪೇಟೆಯಲ್ಲಿ. ಹೊಗೆ ಮೊದಲು ಕಾಣುವುದು ಅವರಿಗೇ. ಜನ ಕೂಡಿಸುವುದರಲ್ಲೂ ಅಕ್ಕ ನನಗಿಂತ ಜೋರು. ಅವರು ಕರೆದರೆ 15 ನಿಮಿಷದಲ್ಲಿ 10 ಜನ ಸೇರುತ್ತಾರೆ. ನಾನು ಕರೆದರೆ "ಬಂದೆ ಭಾವ" ಅನ್ನುತ್ತಾರೆ, ಬರುವುದಿಲ್ಲ.

ಕಷ್ಟ ಇರುವುದು ಫೋನ್ ಕೊಡುವುದರಲ್ಲಲ್ಲ, ಕೊಟ್ಟ ಮೇಲೆ ಸುಮ್ನೆ ಇರುವುದರಲ್ಲಿ. ನನ್ನ ವಾರವಲ್ಲದ ದಿನ ಹೊಗೆ ಕಂಡು ಎರಡು ಸಲ ಓಡಿಹೋಗಿ ಅಲ್ಲಿ ಆಜ್ಞೆ ಕೊಡಲು ಶುರು ಮಾಡಿದ್ದೆ. ಪಿಕಪ್ ಹುಡುಗ ಎಲ್ಲರೆದುರು ಫೋನ್ ತೆಗೆದು ನನ್ನ ಕೈಗಿಟ್ಟು, "ಹಂಗಾದ್ರೆ ನೀವೇ ಇಟ್ಕಳಿ ಅಣ್ಣಾ" ಅಂದ. ಅವತ್ತಿನಿಂದ ಬುದ್ಧಿ ಬಂತು. ನನ್ನ ವಾರವಲ್ಲದಿದ್ದರೆ ನಾನು ಬರಿಯ ಸೊಪ್ಪು ಹಿಡಿಯುವ ಆಳು. ಕರೆದರೆ ಹೋಗುವುದು, ಹೇಳಿದ ಕಡೆ ನಿಲ್ಲುವುದು.

ಹೆಜ್ಜೆ 4: ಕೆಲಸ ಕೊಟ್ಟವರ ಹತ್ತಿರ ಜನವರಿಯಲ್ಲೇ ಮಾತಾಡಿ

ಜರ್ಮನಿಯಲ್ಲಿ ಸಣ್ಣ ಊರುಗಳ ಅಗ್ನಿಶಾಮಕ ದಳ ನಡೆಯುವುದು ಬಹುಪಾಲು ಸ್ವಯಂಸೇವಕರಿಂದಲೇ. ಕರೆ ಬಂದರೆ ಮಾಲೀಕ ಬಿಡಲೇಬೇಕು, ಸಂಬಳ ಕಡಿಯುವಂತಿಲ್ಲ. ಖಾಸಗಿ ಮಾಲೀಕನಿಗೆ ಆ ಹಣವನ್ನು ಊರಿನ ಆಡಳಿತ ತುಂಬಿಕೊಡುತ್ತದೆ. ಆಸ್ಟ್ರೇಲಿಯಾದಲ್ಲಿ 2009ರ ಕಾರ್ಮಿಕ ಕಾಯ್ದೆಯಲ್ಲೇ ಇಂಥ ಸೇವೆಗೆ ರಜೆ ಇದೆ. ಸಂಬಳ ಸಿಗದಿದ್ದರೂ ಕೆಲಸ ಹೋಗುವುದಿಲ್ಲ. ನಮ್ಮ ಊರಿನ ತಂಡಕ್ಕೆ ಅಂಥ ಆಸರೆ ಏನೂ ಇಲ್ಲ. ಇರುವುದು ಮಾತು ಮತ್ತು ನಂಬಿಕೆ.

ಆ ನಂಬಿಕೆಯನ್ನು ನಾನು ಒಮ್ಮೆ ಚೆನ್ನಾಗಿ ಕೆಡಿಸಿಕೊಂಡೆ. ಮೂರನೇ ವರ್ಷ, ಮಾರ್ಚ್ ಕೊನೆಯ ವಾರ. ಸಂಜೆ 4ಕ್ಕೆ ಕರೆ ಬಂತು. ಬೈಕ್ ಹತ್ತಿ ಹೋದೆ. ಕಪಾಟಿನ ಕೀ ಜೇಬಿನಲ್ಲೇ ಇತ್ತು. ಒಳಗೆ ಅವತ್ತಿನ ನಗದು, ಹೊರಗೆ ಆಡಿಟರ್. ರಾತ್ರಿ 9ಕ್ಕೆ ಮಸಿ ಮುಖದಲ್ಲಿ ವಾಪಸ್ ಬಂದರೆ ಮೂರು ಜನ ಮೆಟ್ಟಿಲ ಮೇಲೆ ಕಾಯುತ್ತಾ ಕೂತಿದ್ದರು. ಕಾಡು ಉಳಿಸಿದ್ದಕ್ಕೆ ಯಾರೂ ಹಾರ ಹಾಕಲಿಲ್ಲ, ಹಾಕಬೇಕಾಗಿಯೂ ಇರಲಿಲ್ಲ.

ಈಗ ಜನವರಿ ಮೊದಲ ವಾರದಲ್ಲೇ ಮ್ಯಾನೇಜರ್ ಹತ್ತಿರ ಕೂತು ನಾಲ್ಕು ವಿಷಯ ತೀರ್ಮಾನ ಮಾಡಿಕೊಳ್ಳುತ್ತೇನೆ. ಯಾವ ವಾರ ಫೋನ್ ನನ್ನ ಹತ್ತಿರ ಇರುತ್ತದೆ. ಯಾವ ದಿನ ಏನೇ ಆದರೂ ನಾನು ಎದ್ದು ಹೋಗುವುದಿಲ್ಲ. ನಾನು ಹೋದರೆ ಕೀ, ಕ್ಯಾಶ್ ಯಾರ ಕೈಗೆ. ಮರುದಿನ ಎಷ್ಟು ಹೊತ್ತಿಗೆ ಬರುತ್ತೇನೆ. ಸಿ.ಎಲ್. ರಜೆಯಲ್ಲಿ 6 ದಿನವನ್ನು ಈ ಮೂರು ತಿಂಗಳಿಗೆಂದೇ ಮುಟ್ಟದೆ ಉಳಿಸಿಕೊಳ್ಳುತ್ತೇನೆ. ಸಹೋದ್ಯೋಗಿ ನನ್ನ ಕೌಂಟರ್ ನೋಡಿಕೊಂಡರೆ ಮಳೆಗಾಲದಲ್ಲಿ ಅವನ ನಾಟಿ ದಿನ ನಾನು ಅವನ ಕೌಂಟರ್ ನೋಡುತ್ತೇನೆ. ಬೆಂಕಿಗೆ ಹೋಗಿ ಬಂದದ್ದಕ್ಕೆ ವಲಯ ಅರಣ್ಯಾಧಿಕಾರಿ ಕಚೇರಿಯಿಂದ ಒಂದು ಚೀಟಿ ಕೇಳಿ ಪಡೆಯುವುದು ಒಳ್ಳೆಯದು. ಕಾನೂನಿನ ಬಲ ಅದಕ್ಕಿಲ್ಲ. ಆದರೂ ಮೇಲಿನವರು ಕೇಳಿದಾಗ ಮ್ಯಾನೇಜರಿಗೆ ತೋರಿಸಲು ಏನಾದರೂ ಬೇಕಲ್ಲ.

ತೋಟ, ಗದ್ದೆ ಮಾಡುವವರ ಕಷ್ಟ ಬೇರೆ. ಅವರಿಗೆ ರಜೆ ಕೊಡುವವರೂ ಇಲ್ಲ, ಕಡಿಯುವವರೂ ಇಲ್ಲ. ಒಂದು ರಾತ್ರಿ ಬೆಂಕಿಗೆ ಹೋದರೆ ಮರುದಿನದ ಕೆಲಸ ಹಾಳು. ಇದಕ್ಕೆ ನಮ್ಮ ಹಿರಿಯರ ಮುಯ್ಯಾಳು ಪದ್ಧತಿಯನ್ನೇ ಹಿಡಿದೆವು. ಬೆಂಕಿಗೆ ಹೋದವನ ತೋಟಕ್ಕೆ, ಹೋಗದವರ ಮನೆಯಿಂದ ಮರುದಿನ ಒಬ್ಬರು. ನೀರು ಬಿಡುವುದೋ, ಒಣ ಹಾಕಿದ ಅಡಿಕೆ ಮಗುಚುವುದೋ, ದನಕ್ಕೆ ಹುಲ್ಲು ತರುವುದೋ ಯಾವುದಾದರೂ ಸರಿ. ವಯಸ್ಸಾದವರು, ಕಾಡಿಗೆ ಬರಲಾಗದವರು ಇದರಿಂದಲೇ ತಂಡಕ್ಕೆ ಸೇರಿದರು.

ಹೆಜ್ಜೆ 5: ಮನೆಯವರಿಗೆ ಮೂರು ಉತ್ತರ ಕೊಟ್ಟು ಹೊರಡಿ

ಎಲ್ಲಿಗೆ, ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸ್. "ಈಗ ಬಂದೆ" ಉತ್ತರವಲ್ಲ.

ಮೊದಲ ವರ್ಷಗಳಲ್ಲಿ ನಾನು ಹೇಳುತ್ತಿದ್ದದ್ದು ಅದೊಂದೇ. ಒಂದು ರಾತ್ರಿ ಚಿಕ್ಕ ಮಗನಿಗೆ ಜ್ವರ ಏರಿ ಫಿಟ್ಸ್ ಬಂತು. ನಾನು ಗುಡ್ಡದ ಆಚೆ, ನೆಟ್‌ವರ್ಕ್ ಇಲ್ಲದ ಕಡೆ. ನನ್ನ ಹೆಂಡತಿ 14 ಸಲ ಕರೆ ಮಾಡಿ, ಕೊನೆಗೆ ಪಕ್ಕದ ಮನೆಯ ಜೀಪ್ ಹಿಡಿದು ಆಸ್ಪತ್ರೆಗೆ ಹೋದಳು. ಮಗು ಹುಷಾರಾಯಿತು. ಆದರೆ ಆ 14 ಮಿಸ್ಡ್ ಕಾಲ್ ಬಗ್ಗೆ ಇವತ್ತಿಗೂ ನಮ್ಮ ಮನೆಯಲ್ಲಿ ಯಾರೂ ತಮಾಷೆ ಮಾಡುವುದಿಲ್ಲ.

ಆಮೇಲೆ ಕೂತು ಮಾಡಿಕೊಂಡ ಏರ್ಪಾಡು ಹೀಗಿದೆ. ಬೆಂಕಿಗೆ ಹೋಗದ ಒಬ್ಬ ಹಿರಿಯರು ಸಿಗ್ನಲ್ ಇರುವ ಜಾಗದಲ್ಲಿ ಪಟ್ಟಿ ಹಿಡಿದು ಕೂರುತ್ತಾರೆ. ಯಾರು ಒಳಗೆ ಹೋದರು, ಯಾವ ದಾರಿ, ಎಷ್ಟು ಗಂಟೆ, ಯಾರು ಹೊರಗೆ ಬಂದರು ಎಲ್ಲ ಅದರಲ್ಲಿ. ಮನೆಯವರು ನಮಗಲ್ಲ, ಅವರಿಗೆ ಫೋನ್ ಮಾಡುತ್ತಾರೆ. ತುರ್ತಿದ್ದರೆ ಅವರು ಒಬ್ಬನನ್ನು ಓಡಿಸುತ್ತಾರೆ. ನಮ್ಮಲ್ಲಿ ಈ ಕೆಲಸ ನಿವೃತ್ತ ಮೇಷ್ಟ್ರು ಒಬ್ಬರದು. ಹಾಜರಿ ತಪ್ಪಿದರೆ ಬಿಡುವವರಲ್ಲ. ಜೀಪಿನವರ ನಂಬರ್, ಡಾಕ್ಟರ ನಂಬರ್ ಪ್ರತಿ ಮನೆಯ ಫ್ರಿಜ್ ಮೇಲಿದೆ. ಮನೆಯಲ್ಲಿ ಬಾಣಂತಿ, ಹಾಸಿಗೆ ಹಿಡಿದವರು ಇದ್ದರೆ ಆ ಮನೆಯಿಂದ ರಾತ್ರಿ ಯಾರೂ ಬರಕೂಡದು.

ಚೀಲ ಜಗಲಿಯಲ್ಲೇ ಸಿದ್ಧವಿರಲಿ: ಉದ್ದ ತೋಳಿನ ಹತ್ತಿ ಅಂಗಿ, ಹತ್ತಿ ಪ್ಯಾಂಟ್, ಬೂಟು, ಹೆಡ್‌ಲೈಟ್, ಎರಡು ಲೀಟರ್ ನೀರು, ಓಆರ್‌ಎಸ್, ಒದ್ದೆ ಮಾಡಿ ಕಟ್ಟಿಕೊಳ್ಳಲು ಬೈರಾಸ, ಕತ್ತಿ. ನೈಲಾನ್, ಪಾಲಿಯೆಸ್ಟರ್ ಬಟ್ಟೆ ಬೇಡವೇ ಬೇಡ, ಬಿಸಿಗೆ ಕರಗಿ ಮೈಗೆ ಅಂಟುತ್ತದೆ. ಸುಟ್ಟ ಗಾಯಕ್ಕೆ 20 ನಿಮಿಷ ಹರಿಯುವ ತಣ್ಣೀರು, ಆಮೇಲೆ ಡಾಕ್ಟರು. ಟೂತ್‌ಪೇಸ್ಟ್, ಇಂಕು ಹಚ್ಚಬೇಡಿ.

ವಿಮೆಯ ಮಾತು ಎತ್ತಲು ಎಲ್ಲರಿಗೂ ಮುಜುಗರ. ನಮ್ಮಲ್ಲಿ ಅಕ್ಕನೇ ಎತ್ತಿದರು. ಪ್ರಧಾನ ಮಂತ್ರಿ ಸುರಕ್ಷಾ ಬಿಮಾಕ್ಕೆ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ 2 ಲಕ್ಷ. ಜೀವನ ಜ್ಯೋತಿಗೆ 436 ರೂಪಾಯಿ, 18ರಿಂದ 50 ವರ್ಷದವರು ಸೇರಬಹುದು, ಅದಕ್ಕೂ 2 ಲಕ್ಷ. ಎರಡೂ ಜೂನ್ 1ರಿಂದ ಮೇ 31ರ ತನಕ. ಮೇ ಕೊನೆಯಲ್ಲಿ ಖಾತೆಯಲ್ಲಿ ದುಡ್ಡಿರಬೇಕು, ಇಲ್ಲದಿದ್ದರೆ ವಿಮೆ ನಿಂತುಹೋಗುತ್ತದೆ. ನಮ್ಮ ತಂಡಕ್ಕೆ ಸೇರುವವರು ಮೊದಲು ಸುರಕ್ಷಾ ಬಿಮಾದ ಚೀಟಿ ತೋರಿಸಬೇಕು. ದೊಡ್ಡ ಸಾಲ ಇರುವವರು ಇದನ್ನೇ ನಂಬಿಕೊಂಡು ಕೂರಬಾರದು, ಬೇರೆ ಟರ್ಮ್ ಪಾಲಿಸಿ ಬೇಕು.

ಹೆಜ್ಜೆ 6: ಕರೆ ಬಂದಾಗ ಮೊದಲು ಇನ್ನೊಂದು ಕರೆ ಮಾಡಿ

ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯ ಜಾಲತಾಣದಲ್ಲಿ ಮೊಬೈಲ್ ನಂಬರ್ ನೋಂದಾಯಿಸಿದರೆ ನಿಮ್ಮ ಭಾಗದಲ್ಲಿ ಉಪಗ್ರಹಕ್ಕೆ ಬೆಂಕಿ ಕಂಡಾಗ ಸಂದೇಶ ಬರುತ್ತದೆ. ಒಳ್ಳೆಯ ಸೌಲಭ್ಯ. ಆದರೆ ಸಂದೇಶ ಬಂದ ಕೂಡಲೇ ಊರನ್ನೆಲ್ಲ ಎಬ್ಬಿಸಬೇಡಿ. ಅದರಲ್ಲಿ ಒಂದು ಉಪಗ್ರಹದ ಒಂದು ಚುಕ್ಕೆ ಎಂದರೆ ನೆಲದ ಮೇಲೆ ಸುಮಾರು 375 ಮೀಟರಿನ ಚೌಕ. ಆ ಚೌಕದಲ್ಲಿ ಯಾರೋ ಬ್ಯಾಣ (ಹುಲ್ಲುಗಾವಲು) ಸುಡುತ್ತಿರಬಹುದು, ಅಡಿಕೆ ಸಿಪ್ಪೆಗೆ ಬೆಂಕಿ ಹಾಕಿರಬಹುದು. ಆ ಉಪಗ್ರಹ ಹಾದು ಹೋಗುವುದೂ ಗೊತ್ತಾದ ಹೊತ್ತಿಗೆ ಮಾತ್ರ. ಮಧ್ಯಾಹ್ನ 1.30ರ ಸುಮಾರಿಗೆ ಒಮ್ಮೆ, ರಾತ್ರಿ ಅಷ್ಟೇ ಹೊತ್ತಿಗೆ ಇನ್ನೊಮ್ಮೆ. ನಡುವೆ ಹತ್ತಿದ ಬೆಂಕಿ ಮತ್ತೆ ಹಾದು ಹೋಗುವ ತನಕ ಅದಕ್ಕೆ ಕಾಣುವುದಿಲ್ಲ.

ಅದಕ್ಕೇ ಸಂದೇಶವಿರಲಿ, ಊರಿನವರ ಕರೆಯಿರಲಿ, ಆ ಜಾಗಕ್ಕೆ ಹತ್ತಿರದ ಮನೆಗೆ ಮೊದಲು ಫೋನ್ ಮಾಡಿ. ಏನು ಉರಿಯುತ್ತಿದೆ, ಗಾಳಿ ಯಾವ ಕಡೆ, ಮನೆಗೆ ಎಷ್ಟು ದೂರ, ಇಲಾಖೆಯವರು ಬಂದಿದ್ದಾರಾ. ನಮ್ಮ ನೋಟ್‌ಬುಕ್ಕಿನಲ್ಲಿ ಹೋದ ವರ್ಷ 31 ಕರೆ ಬರೆದಿದೆ. ತಂಡ ಹೊರಟದ್ದು 11 ಸಲ. ಉಳಿದ 20 ಸಲ 22 ಮನೆಯವರು ಮಲಗಿಯೇ ಇದ್ದರು.

ಹೊರಡುವುದಾದರೆ ಎಲ್ಲರೂ ಒಟ್ಟಿಗೆ ಬೇಡ. ಅರ್ಧ ಜನ ಸಾಕು. ನಾಳೆ ಬೆಳಿಗ್ಗೆ ಬಸ್ಸು ಹಿಡಿಯಬೇಕಾದವರು, ಶಾಲೆಗೆ ಹೋಗುವ ಮೇಷ್ಟ್ರು, ಡ್ರೈವರುಗಳು ಮೊದಲ ಪಾಳಿಯಲ್ಲಿ ಹೋಗಿ ಮೊದಲು ವಾಪಸ್ ಬರಲಿ. ನಮ್ಮ ಪಾಳಿ 4 ಗಂಟೆ. ಬೆಂಕಿ ಆರಿದ ಮೇಲೂ ಒಣ ಕೊರಡು, ಬೊಡ್ಡೆ ದಿನಗಟ್ಟಲೆ ಒಳಗೊಳಗೇ ಉರಿಯುತ್ತವೆ. ಅದನ್ನು ಕಾಯುವ ಕೆಲಸ ಬೇಸರದ್ದು, ಯಾರಿಗೂ ಬೇಡ. ಅದನ್ನೂ ಸರದಿಗೆ ಹಾಕಿ, ಇಲ್ಲದಿದ್ದರೆ ಕೊನೆಗೆ ಮುಂದಾಳೇ ಕೂರಬೇಕಾಗುತ್ತದೆ. ರಾತ್ರಿಯಿಡೀ ಎದ್ದವರು ಬೈಕ್ ಓಡಿಸಿಕೊಂಡು ಪೇಟೆಗೆ ಹೋಗಕೂಡದು. ಹೊಗೆ ಕುಡಿದು ತಲೆ ಸಿಡಿಯುತ್ತಿದ್ದರೆ, ವಾಂತಿ ಬಂದಂತಾದರೆ ನಿದ್ದೆ ಮಾಡಿದರೆ ಸರಿಯಾಗುತ್ತದೆ ಎಂದುಕೊಳ್ಳದೆ ಡಾಕ್ಟರಿಗೆ ತೋರಿಸಿ.

ಮನೆಗೆ ಬಂದವರು ಸ್ನಾನ ಮಾಡಿ, ಬಟ್ಟೆ ಹೊರಗೇ ಬಿಟ್ಟು ಒಳಗೆ ಬನ್ನಿ. ಮಸಿ ಬಟ್ಟೆ ನೀವೇ ಒಗೆಯಿರಿ. ಇದನ್ನು ಬರೆಯಲು ನಮ್ಮನೆಯವಳೇ ಹೇಳಿದ್ದು.

ಹೆಜ್ಜೆ 7: "ಯಾರು ಹಚ್ಚಿದ್ದು" ಎಂಬ ಪಂಚಾಯಿತಿಗೆ ಕೂರಬೇಡಿ

ಬೆಂಕಿಗಿಂತ ಜಾಸ್ತಿ ನನ್ನ ಮನೆಯ ಹೊತ್ತು ತಿಂದದ್ದು ಇದು. ನಮ್ಮ ಕಾಡಿನಲ್ಲಿ ಬೆಂಕಿ ತಾನಾಗಿ ಹುಟ್ಟುವುದು ತೀರಾ ಅಪರೂಪ. ಹೊಸ ಹುಲ್ಲು ಚಿಗುರಲೆಂದು ಹಚ್ಚಿದ್ದು, ಜೇನು ತೆಗೆಯಲು ಹೋದವರ ದೊಂದಿ, ರಸ್ತೆ ಬದಿಗೆ ಎಸೆದ ಬೀಡಿ, ಹಳೆಯ ಜಗಳದ ಸಿಟ್ಟು. ಊರಿನವರಿಗೆ ಅಂದಾಜು ಇದ್ದೇ ಇರುತ್ತದೆ. ಆರಿಸಿದ ಮರುದಿನ ಒಬ್ಬರಾದ ಮೇಲೆ ಒಬ್ಬರು ಮುಂದಾಳಿನ ಜಗಲಿಗೆ ಬಂದು ಕೂರುತ್ತಾರೆ. ಚಹಾ ಕುಡಿಯುತ್ತಾ ಹೆಸರು ಹೇಳುತ್ತಾರೆ. ಒಂದು ಸಲ ನಾನು ತಲೆ ಹಾಕಿದೆ. ಒಂದು ರಾತ್ರಿ ಬೆಂಕಿ, ಎರಡು ತಿಂಗಳು ಪಂಚಾಯಿತಿ. ಆ ಮನೆಯವರು ಇಂದಿಗೂ ನಮ್ಮನೆಯ ಸತ್ಯನಾರಾಯಣ ಪೂಜೆಗೆ ಬರುವುದಿಲ್ಲ. ಇದಕ್ಕೇನೂ ಸಂಬಂಧವಿಲ್ಲದ ನನ್ನ ಹೆಂಡತಿಯನ್ನೂ ಸಂಘದ ಸಭೆಯಲ್ಲಿ ಮಾತಾಡಿಸುವುದು ಬಿಟ್ಟರು.

ಹಚ್ಚುವುದು ಅಪರಾಧ ನಿಜ. ತನಿಖೆ ಇಲಾಖೆಯ ಕೆಲಸ. ಕಣ್ಣಾರೆ ಕಂಡಿದ್ದರೆ ಕಂಡವರೇ ಹೋಗಿ ಹೇಳಲಿ. ಮುಂದಾಳಿನ ಬಾಯಿಂದ ಹೆಸರು ಬರಕೂಡದು. ಬಂದರೆ ಮುಂದಿನ ಬೆಂಕಿಗೆ ಅರ್ಧ ಊರು ಬರುವುದಿಲ್ಲ. ಅದರ ಬದಲು ಬ್ಯಾಣ ಸುಡುವ ಅಭ್ಯಾಸವಿರುವ ಮನೆಗಳಿಗೆ ಡಿಸೆಂಬರಿನಲ್ಲೇ ಹೋಗಿ, "ನಿಮ್ಮ ಗಡಿಯಲ್ಲಿ ದರಗು ಬಾಚಿ ಗೆರೆ ತೆಗೆಯೋಣ, ನಾವೂ ಬರುತ್ತೇವೆ" ಅನ್ನಿ. ನಮ್ಮಲ್ಲಿ ಎರಡು ಮನೆಯವರು ಹಾಗೆಯೇ ತಂಡಕ್ಕೆ ಸೇರಿದರು. ಅವರು ಮೊದಲು ಏನು ಮಾಡುತ್ತಿದ್ದರು ಎಂದು ಯಾರೂ ಕೇಳಿಲ್ಲ.

ಖರ್ಚಿನ ವಿಷಯವೂ ಹೀಗೇ, ಬಾಯಿಲೆಕ್ಕ ಬೇಡ. ಪೆಟ್ರೋಲು, ಅವಲಕ್ಕಿ, ಬಾಳೆಹಣ್ಣು ಎಲ್ಲ ಮುಂದಾಳಿನ ಜೇಬಿನಿಂದ ಹೋಗುತ್ತಾ ಇದ್ದರೆ ಮನೆಯಲ್ಲಿ ಒಂದು ದಿನ ಮಾತು ಬರುತ್ತದೆ. ನಮ್ಮದು ಮನೆಗೆ ವರ್ಷಕ್ಕೆ 200 ರೂಪಾಯಿ. ಲೆಕ್ಕ ಬರೆಯುವುದು ಮೇಷ್ಟ್ರು.

ಹೆಜ್ಜೆ 8: ಮಳೆ ಬಿದ್ದ ಮೇಲೆ ಒಂದು ದಿನ ಕೂರಿ

ಜೂನ್ ಮೊದಲ ವಾರ, ಮನೆಯವರನ್ನೂ ಕರೆದು ಮಾಡುವ ಸಭೆ ಇದು. ಹಲಸಿನ ಹಣ್ಣಿನ ಕಡುಬು ಇದ್ದರೆ ಜನ ತಪ್ಪಿಸುವುದಿಲ್ಲ. ಲೆಕ್ಕ ಓದಿ. ಕೆಟ್ಟ ಸ್ಪ್ರೇಯರ್ ಯಾವುದು ನೋಡಿ. ಆಮೇಲೆ ಮನೆಯವರು ಮಾತಾಡಲಿ, ತಂಡದವರು ಸುಮ್ನೆ ಕೇಳಬೇಕು. ಹೋದ ಸಲ ಒಬ್ಬ ತಂಗಿ ಎದ್ದು, "ರಾತ್ರಿ ಎರಡಕ್ಕೆ ಬಂದು ಊಟ ಬಡಿಸು ಅಂತಾರೆ" ಅಂದಳು. ಈಗ ರಾತ್ರಿ ಪಾಳಿಯ ಊಟ ಮೇಷ್ಟ್ರ ಮನೆಯಲ್ಲಿ, ತಂಡದವರೇ ಬಡಿಸಿಕೊಳ್ಳುತ್ತಾರೆ.

ಮುಂದಿನ ವರ್ಷ ಸರದಿಯಲ್ಲಿ ಯಾರು ಎಂದೂ ಅವತ್ತೇ ಕೇಳಿ. ಬಿಡುತ್ತೇನೆ ಅನ್ನುವವರನ್ನು ಒತ್ತಾಯ ಮಾಡಬೇಡಿ. ಮಗಳ ಪಿಯುಸಿ ಬಂದ ವರ್ಷ ನಾನೇ ಸರದಿಯಿಂದ ಹೊರಗಿದ್ದೆ. ಆ ವರ್ಷ 9 ಸಲ ತಂಡ ಹೊರಟಿತು. ಎರಡು ಸಲ ಸೊಪ್ಪು ಹಿಡಿಯಲು ಹೋಗಿದ್ದೆ, ಅಷ್ಟೇ.

ಕೊನೆಗೆ ಆ ಬಟನ್ ಫೋನ್ ಯಾರ ಮನೆಯಲ್ಲಿ ಇರಬೇಕು ಎಂದು ತೀರ್ಮಾನಿಸಿ. ಮಳೆಗಾಲದಲ್ಲಿ ಬೀರುವಿನಲ್ಲಿ ಇಟ್ಟು ಮರೆತರೆ ರೀಚಾರ್ಜ್ ಇಲ್ಲದೆ ಸಿಮ್ ಬಂದ್ ಆಗುತ್ತದೆ. ನಮಗೆ ಒಮ್ಮೆ ಹಾಗಾಗಿ, ಡಿಸೆಂಬರಿನಲ್ಲಿ ಹೊಸ ನಂಬರಿನ ಚೀಟಿ ಹಿಡಿದು ಮೂರು ಊರಿನ ಬಾಗಿಲುಗಳ ಹಿಂದೆಲ್ಲ ಮತ್ತೆ ಅಂಟಿಸಿ ಬರಬೇಕಾಯಿತು.